ಜಾಹಿದಾಳ ವೋಟು

ಎಲ್ಮ್‌ಫೀಲ್ಡ್, ನ್ಯೂಜೆರ್ಸಿ
೨೯ ಮಾರ್ಚ್ ೨೦೧೦

ಜಾಹಿದಾ,

ಎರಡು ಬೀದಿ ಆಚೆ ಇರುವವಳಿಗೆ ಸ್ಟ್ಯಾಂಪ್ ಹಚ್ಚಿ ಕಾಗದ ಬರೆಯುತ್ತಿದ್ದೇನೆ, ನಗಬೇಡ. ಶುಕ್ರವಾರದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಮೆಸೇಜ್ ಬಿಟ್ಟರೆ ನಿನ್ನ ಮಗಳು ತಹ್ರೀಮ್ ಕೇಳಿಸಿಕೊಳ್ಳುತ್ತಾಳೆ. ಇಮೇಲ್ ಹಾಕಿದರೆ ಅದನ್ನು ಮೊದಲು ತೆರೆಯುವವರು ನಿನ್ನ ಯಜಮಾನರು. ರಹಮತ್ ಭಾಯ್ ಉರ್ದು ಮೀಡಿಯಂನವರು, ನನ್ನ ಕೋಳಿಕಾಲಿನ ಕನ್ನಡ ಓದುವ ಗೋಜಿಗೆ ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟಿರುವ ಬೋರ್ಡ್ ನೋಡಿದೆ. ಕೆಂಪಕ್ಷರದಲ್ಲಿ 'ಸ್ಕೂಲ್ ಬಜೆಟ್: ವೋಟ್ ನೋ'. ಕಾರು ನಿಲ್ಲಿಸಿ ಮನೆ ನಂಬರ್ ಮತ್ತೊಮ್ಮೆ ಓದಿದೆ. ನಿಮ್ಮದೇ ಮನೆ.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ರಾಜ್ಯದಿಂದ ನಮ್ಮ ಟೌನ್‌ಶಿಪ್ಪಿನ ಸ್ಕೂಲುಗಳಿಗೆ ಬರುತ್ತಿದ್ದ ದುಡ್ಡು ಈ ವರ್ಷ ಕಡಿತವಾಗಿದೆ. ಏಪ್ರಿಲ್ ಇಪ್ಪತ್ತಕ್ಕೆ ಜನ ವೋಟ್ ಹಾಕಬೇಕು. ಎಸ್ ಗೆದ್ದರೆ ಮನೆಯವರ ಪ್ರಾಪರ್ಟಿ ಟ್ಯಾಕ್ಸ್ ಏರುತ್ತದೆ. ನೋ ಗೆದ್ದರೆ ಕತ್ತರಿ ಆಡುತ್ತದೆ, ಮತ್ತು ಅದು ಮೊದಲು ಬೀಳುವುದು ಏಡ್‌ಗಳ ಮೇಲೆ. ಅಂದರೆ ಎರಡನೇ ಕ್ಲಾಸಿನಲ್ಲಿ ತಡವಾಗಿ ಓದಲು ಕಲಿಯುವ ಮಕ್ಕಳ ಪಕ್ಕ ಕೂತು, ಅವರ ಬೆರಳು ಹಿಡಿದು ಅಕ್ಷರದ ಮೇಲೆ ಓಡಿಸುವ ನನ್ನಂಥವರ ಮೇಲೆ.

ಸುಬ್ಬುಗೆ ಬ್ಯಾಂಕಿನ ಕೆಲಸ ಹೋಗಿ ವರ್ಷದ ಮೇಲಾಯಿತು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ ಗಂಡಸು. ನಮ್ಮ ಇಬ್ಬರ ಇನ್ಶೂರೆನ್ಸೂ ನನ್ನ ಕೆಲಸದಿಂದಲೇ ಬರುತ್ತಿರುವುದು. ಇದು ಹೋದರೆ ನಾವು ಟೆಕ್ಸಾಸಿನಲ್ಲಿರುವ ನನ್ನ ಮೈದುನನ ಮನೆಯ ಬೇಸ್‌ಮೆಂಟಿಗೆ ಹೋಗಬೇಕು. ಅಲ್ಲಿ ಬೇಸ್‌ಮೆಂಟೇ ಇರುವುದಿಲ್ಲವಂತೆ, ಗ್ಯಾರೇಜಿಗೇ ಹೋಗಬೇಕೇನೋ.

ನನಗೆ ಬರೀ ಗ್ರೀನ್ ಕಾರ್ಡ್, ವೋಟಿಲ್ಲ. ನಿನಗಿದೆ. ಅಕ್ಟೋಬರಿನಲ್ಲಿ ನೀನು ಸಿಟಿಜನ್ ಆದಾಗ ಕೈಯಲ್ಲಿ ಪುಟ್ಟ ಬಾವುಟ ಹಿಡಿದು ನಿಂತ ನಿನ್ನ ಫೋಟೋ ತೆಗೆದವಳು ನಾನೇ. ಕೇಳಬಾರದು, ಆದರೂ ಕೇಳುತ್ತಿದ್ದೇನೆ. ಬೋರ್ಡ್ ರಹಮತ್ ಭಾಯ್‌ದು ಇರಲಿ. ನಿನ್ನ ವೋಟು ಯಾವ ಕಡೆ?

ನಿನ್ನ,
ಮಂಜರಿ


೪ ಏಪ್ರಿಲ್ ೨೦೧೦

ಮಂಜು,

ಫೋನ್ ಎತ್ತಲಿಲ್ಲ, ಯಾಕೆಂದರೆ ನಿನ್ನ ಧ್ವನಿ ಕೇಳಿದರೆ ನಾನು ಏನಾದರೂ ಒಪ್ಪಿಕೊಂಡುಬಿಡುತ್ತೇನೆ. ಮೈಸೂರಿನ ಕಾಲೇಜಿನಲ್ಲಿ ಎನ್‌ಎಸ್‌ಎಸ್ ಕ್ಯಾಂಪಿಗೆ ನೀನು ನನ್ನನ್ನು ಹೀಗೇ ಒಪ್ಪಿಸಿ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಹತ್ತು ದಿನ ಕಲ್ಲು ಹೊತ್ತೆ.

ಬೋರ್ಡ್ ಇವರೇ ನೆಟ್ಟದ್ದು. ಇವರ ಮೇಲೆ ಕೋಪ ಮಾಡಿಕೊಳ್ಳಬೇಡ. ಇವರ ಫೋಟೋ ಫ್ರೇಮಿನ ಅಂಗಡಿ ಹೇಗಿದೆ ಅಂತ ನೀನು ಈಚೆಗೆ ನೋಡಿಲ್ಲ. ಮೊದಲು ಮಕ್ಕಳ ಡಿಗ್ರಿ ಬಂದ ದಿನವೇ ಫ್ರೇಮಿಗೆ ತರುತ್ತಿದ್ದರು. ಈಗ ಡಿಗ್ರಿ ಬಂದವರಿಗೆ ಕೆಲಸವಿಲ್ಲ, ಗೋಡೆಗೆ ಏನು ನೇತುಹಾಕುತ್ತಾರೆ? ಪಕ್ಕದ ಮನೆಯವರು ಬ್ಯಾಂಕಿಗೆ ಬೀಗದ ಕೈ ಕೊಟ್ಟು ಹೋದರು. ಖಾಲಿ ಮನೆಯ ಹುಲ್ಲು ಮೊಳಕಾಲವರೆಗೆ ಬೆಳೆದಿದೆ. ಇವರು ದಿನಾ ಆ ಹುಲ್ಲನ್ನು ನೋಡಿಕೊಂಡೇ ಕಾರು ಹತ್ತುತ್ತಾರೆ. ನಿಮ್ಮದು ಬಾಡಿಗೆ ಅಪಾರ್ಟ್‌ಮೆಂಟ್ ಮಂಜು. ಟ್ಯಾಕ್ಸ್ ಬಿಲ್ಲು ನೇರವಾಗಿ ನಿನ್ನ ಹೆಸರಿಗೆ ಬರುವುದಿಲ್ಲ. ಚುಚ್ಚಲು ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಮೈಸೂರಿನಲ್ಲಿ ಅಬ್ಬಾ ಯಾವ ಗುರುತು ಹೇಳಿದರೋ ಅದರ ಮೇಲೆ ಠಸ್ಸೆ ಒತ್ತಿ ಬಂದೆ. ಇನ್ನೊಂದು ಗುರುತು ಏನಿತ್ತು ಅಂತ ಕೂಡ ನೋಡಲಿಲ್ಲ. ಇಲ್ಲಿ ಇವರು 'ನೋ' ಅಂತ ಹುಲ್ಲಿನಲ್ಲಿ ನೆಟ್ಟಿದ್ದಾರೆ. ನೀನು 'ಎಸ್' ಅಂತ ಕಾಗದ ಬರೆದಿದ್ದೀಯ. ನನ್ನ ವಯಸ್ಸಿಗೆ ಇದು ನನ್ನ ಮೊದಲ ಸ್ವಂತ ವೋಟು. ಅದನ್ನು ಇವರಿಗೂ ಹೇಳುವುದಿಲ್ಲ, ನಿನಗೂ ಹೇಳುವುದಿಲ್ಲ.

ನೋಡೋಣ.

ತಹ್ರೀಮ್ ಮುಂದಿನ ಭಾನುವಾರ ಲೈಬ್ರರಿಗೆ ನಿನ್ನ ಕನ್ನಡ ಕ್ಲಾಸಿಗೆ ಬರುತ್ತಾಳೆ. ಈಚೆಗೆ ಮನೆಯಲ್ಲಿ ನನ್ನ ಜೊತೆ ಉರ್ದು ಬಿಟ್ಟು ಕನ್ನಡ ಮಾತಾಡಲು ಶುರು ಮಾಡಿದ್ದಾಳೆ. ಅರ್ಧ ಅರ್ಥವಾಗುತ್ತದೆ. ಗುರುಗಳಿಗೆ ವಂದನೆ.

ಜಾಹಿದಾ


೨೨ ಏಪ್ರಿಲ್ ೨೦೧೦

ಶ್ರೀಮತಿ ಜಾಹಿದಾ ಅವರಿಗೆ,

ಬಜೆಟ್ ಸೋತಿತು. ನಿಮಗೂ ಗೊತ್ತಿರುತ್ತದೆ. ಬೆರಳೆಣಿಕೆಯ ವೋಟಿನಲ್ಲಿ ಸೋತಿತು ಅಂತ ಪೇಪರಿನಲ್ಲಿ ಬಂದಿದೆ. ಟೌನ್‌ಶಿಪ್ ಕೌನ್ಸಿಲಿನವರು ಈಗ ಎಷ್ಟು ಕಡಿತ ಅಂತ ನಿರ್ಧರಿಸುತ್ತಾರೆ. ಏಡ್‌ಗಳೆಲ್ಲರಿಗೂ ನೋಟೀಸು ಬರುತ್ತದೆ ಅಂತ ಪ್ರಿನ್ಸಿಪಾಲರು ಇವತ್ತು ಹೇಳಿದರು. ಹೇಳುವಾಗ ಅವರು ಕಿಟಕಿ ಕಡೆ ನೋಡುತ್ತಿದ್ದರು.

ನೀನು 'ನೋಡೋಣ' ಅಂತ ಬರೆದಾಗಲೇ ನನಗೆ ತಿಳಿಯಬೇಕಿತ್ತು. ನಮ್ಮೂರಿನಲ್ಲಿ ನೋಡೋಣ ಅಂದರೆ ಏನರ್ಥ ಅಂತ ನಮ್ಮಿಬ್ಬರಿಗೂ ಗೊತ್ತು. ಆದರೂ ಅಡ್ಡಗೋಡೆಯ ಮೇಲಿಟ್ಟ ದೀಪ ನನ್ನ ಕಡೆಗೂ ಸ್ವಲ್ಪ ಬೆಳಕು ಕೊಡುತ್ತದೆ ಅಂದುಕೊಂಡಿದ್ದೆ.

ನಿನ್ನೆ ಸ್ಕೂಲಿನ ಊಟದ ಬಿಡುವಿನಲ್ಲಿ ತಹ್ರೀಮ್ ಸಿಕ್ಕಳು. ಅಮ್ಮನ ಜೊತೆ ವೋಟಿಂಗ್ ಪರದೆಯ ಒಳಗೆ ಹೋಗಿದ್ದೆ ಅಂತ ಹೆಮ್ಮೆಯಿಂದ ಹೇಳಿದಳು. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ. "ಅಮ್ಮ ಎಸ್ ಹಾಕಲಿಲ್ವಾ ಪುಟ್ಟೀ?" ಅಂದೆ. "ಹೌದು ಆಂಟಿ" ಅಂದಳು. ನಗುತ್ತಲೇ ಹೇಳಿದಳು ಪಾಪ, ಅವಳಿಗೇನು ಗೊತ್ತು.

ಮನೆ ನಿಮ್ಮದು, ಟ್ಯಾಕ್ಸ್ ನಿಮ್ಮದು, ವೋಟೂ ನಿಮ್ಮದು. ನನಗೆ ಹಕ್ಕಿಲ್ಲ. ಆದರೆ ನೀನು ಕೈಕೊಡುತ್ತೀಯ ಅಂತ ಎಣಿಸಿರಲಿಲ್ಲ. ನಿನ್ನ ಇಡ್ಲಿ ಕುಕ್ಕರ್ ಸುಬ್ಬು ತಂದು ವರಾಂಡದಲ್ಲಿ ಇಡುತ್ತಾರೆ. ಬೆಲ್ ಮಾಡುವುದಿಲ್ಲ.

ಇತಿ,
ಮಂಜರಿ ಸುಬ್ರಹ್ಮಣ್ಯ


೨೭ ಏಪ್ರಿಲ್ ೨೦೧೦

ಮಂಜರಿ,

ಕುಕ್ಕರ್ ತಲುಪಿತು. ತಟ್ಟೆ ಒಂದು ಕಡಿಮೆ ಇದೆ, ಇಟ್ಟುಕೋ.

ಕಾಗದ ಓದಿ ಎರಡು ದಿನ ಏನೂ ಬರೆಯಲಿಲ್ಲ. ಬರೆದಿದ್ದರೆ ಇದಕ್ಕಿಂತ ಕೆಟ್ಟದಾಗಿರುತ್ತಿತ್ತು. ಒಂದೇ ಮಾತು. ನೀನು ನನ್ನನ್ನು ಕೇಳಿದೆ, ನಾನು ಹೇಳುವುದಿಲ್ಲ ಅಂದೆ. ಅಲ್ಲಿಗೆ ಮುಗಿಯಬೇಕಿತ್ತು. ನೀನು ಹೋಗಿ ನಾಲ್ಕನೇ ಕ್ಲಾಸಿನ ಮಗುವನ್ನು ಕೇಳಿದೆ. ಅವಳು ಏನು ಹೇಳಿದಳೋ, ನಿನಗೆ ಏನು ಕೇಳಿಸಿತೋ. ಇಪ್ಪತ್ತು ವರ್ಷದ ಸ್ನೇಹಕ್ಕಿಂತ ಅದೇ ನಿನಗೆ ಹೆಚ್ಚಾಯಿತು. ನನಗೆ ನೋವಾಗಿದೆ. ಅದನ್ನು ಮುಚ್ಚಿಡಲು ಬರುವುದಿಲ್ಲ.

ನಾನು ಏನು ಹಾಕಿದೆ ಅಂತ ಈಗಂತೂ ಹೇಳುವುದಿಲ್ಲ. ಹೇಳಿದರೆ ತಪ್ಪೊಪ್ಪಿಗೆಯ ಹಾಗೋ ಸಬೂಬಿನ ಹಾಗೋ ಕಾಣುತ್ತದೆ, ಎರಡೂ ನನಗೆ ಬೇಡ.

ಕ್ಲಾಸಿಗೆ ಮಗಳು ಬರುತ್ತಾಳೆ. ನಮ್ಮ ಜಗಳದಲ್ಲಿ ಅವಳ ಕಾಗುಣಿತ ನಿಲ್ಲುವುದು ಬೇಡ.

ಜಾಹಿದಾ


೯ ಮೇ ೨೦೧೦, ಭಾನುವಾರ

ಜಾಹಿದಾ,

ಲೈಬ್ರರಿಯಿಂದ ಈಗ ಬಂದೆ. ಚಪ್ಪಲಿಯನ್ನೂ ಬಿಚ್ಚದೆ ಬರೆಯಲು ಕೂತಿದ್ದೇನೆ. ಸುಬ್ಬು ಊಟಕ್ಕೆ ಕರೆಯುತ್ತಿದ್ದಾರೆ, ಕರೆಯಲಿ.

ಇವತ್ತು ಕ್ಲಾಸಿನಲ್ಲಿ ಬರೆಯಲು ಹೇಳಿದಾಗ ನಿನ್ನ ಮಗಳು ಸುಮ್ಮನೆ ಕೂತಿದ್ದಳು. "ಪೆನ್ಸಿಲ್ ತಂದಿಲ್ವೇನೇ?" ಅಂದೆ. "ಹೌದು ಆಂಟಿ" ಅಂದಳು. ತಂದಿಲ್ಲವಲ್ಲ ಅಂತ ನನ್ನ ಪೆನ್ಸಿಲ್ ಕೊಟ್ಟೆ. ಅವಳು ನನ್ನ ಮುಖ ನೋಡಿ, ಚೀಲದಿಂದ ತನ್ನದನ್ನು ತೆಗೆದು ತೋರಿಸಿದಳು. "ಐ ಸೆಡ್ ಹೌದು" ಅಂದಳು.

ಅವಳ ಪಕ್ಕ ಕೂತಿದ್ದ ಸನ್ನಿಧಿಯ ಕಡೆ ತಿರುಗಿ "ನೀನು ತಿಂಡಿ ತಿಂದಿಲ್ವಾ?" ಅಂದೆ. "ಹೌದು, ಪ್ಯಾನ್‌ಕೇಕ್" ಅಂದಳು. ವಿಕ್ರಾಂತನನ್ನು "ನಿನ್ನೆ ಕ್ರಿಕೆಟ್ಟಿಗೆ ಹೋಗಲಿಲ್ವಾ?" ಅಂತ ಕೇಳಿದೆ. "ಇಲ್ಲ, ಜ್ವರ ಇತ್ತು" ಅಂದ. ಒಂದೊಂದೂ ತಿರುಗುಮುರುಗು. ನಾವು 'ತಿಂದಿಲ್ವಾ' ಅಂತ ಕೇಳಿದರೆ 'ಹೌದು, ತಿಂದಿಲ್ಲ' ಅನ್ನುವವರು. ಈ ಮಕ್ಕಳು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬಾಯಿ ಬಿಡುತ್ತವೆ. ತಿಂದಿದ್ದರೆ ಹೌದು, ತಿನ್ನದಿದ್ದರೆ ಇಲ್ಲ. ಮೂರು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಇದೊಂದು ನನ್ನ ಕಣ್ಣಿಗೆ ಬೀಳಲಿಲ್ಲ. ಎಂಥ ಮೇಷ್ಟ್ರಮ್ಮ ನಾನು.

ಹಾಗಾದರೆ ಅವತ್ತು ಆ ಮಗು ನಗುನಗುತ್ತಾ ಹೇಳಿದ 'ಹೌದು' ಏನು? ಅದನ್ನು ನಾನು ಬರೆಯುವುದಿಲ್ಲ. ಅವಳನ್ನೂ ಮತ್ತೆ ಕೇಳಲಿಲ್ಲ, ನಿನ್ನನ್ನೂ ಕೇಳುವುದಿಲ್ಲ. ಕೇಳಿ ಕೇಳಿ ಕೆಟ್ಟಿದ್ದೇನೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ನನ್ನದೇ ಕಥೆ.

ನೋಟೀಸು ಗುರುವಾರ ಕೈಗೆ ಬಂತು. ಜೂನ್ ಕೊನೆಗೆ ಕೆಲಸ ಮುಗಿಯುತ್ತದೆ. ಸುಬ್ಬು ಆಗಲೇ ರಟ್ಟಿನ ಡಬ್ಬಗಳನ್ನು ತಂದು ಜೋಡಿಸುತ್ತಿದ್ದಾರೆ. ಆ ಡಬ್ಬ ನೋಡಿದರೆ ಅಳು ಬರುತ್ತದೆ, ಆದರೆ ಇವತ್ತು ಅಳು ಬಂದದ್ದು ಅದಕ್ಕಲ್ಲ.

ಕ್ಷಮಿಸು ಅಂತ ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತು. ಅದಕ್ಕೇ ಕೇಳಲು ನಾಚಿಕೆ.

ಮಂಜು


೧೯ ಮೇ ೨೦೧೦

ಮಂಜು,

ನಿನ್ನ ಕಾಗದ ಓದಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ತಹ್ರೀಮ್ ಬಂದು "ಅಮ್ಮೀ, ವಾಟ್ ಹ್ಯಾಪನ್ಡ್?" ಅಂದಳು. ನಿಮ್ಮ ಆಂಟಿಗೆ ಕನ್ನಡ ಬರುವುದಿಲ್ಲ ಅಂದೆ. ಅವಳು ಒಪ್ಪಿದಳು.

ನೀನು ಕೇಳಲಿಲ್ಲ, ಅದಕ್ಕೇ ಹೇಳುತ್ತೇನೆ. ಅವತ್ತು ಸ್ಕೂಲಿನ ಜಿಮ್ಮಿನಲ್ಲಿ ಪರದೆ ಎಳೆದುಕೊಂಡು ನಿಂತಾಗ ನಿಜವಾಗಿಯೂ ನನಗೆ ಏನು ಒತ್ತಬೇಕು ಅಂತ ಗೊತ್ತಿರಲಿಲ್ಲ. ಇವರ ಅಂಗಡಿ ಕಣ್ಣ ಮುಂದೆ ಬಂತು, ನಿನ್ನ ಕಾಗದ ಬಂತು, ಎರಡೂ ತಕ್ಕಡಿಯಲ್ಲಿ ಸಮ ಕೂತವು. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಗ ತಹ್ರೀಮ್ ನನ್ನ ಕೈ ಹಿಡಿದಿದ್ದಳಲ್ಲ, ಅವಳು ಕಿಂಡರ್‌ಗಾರ್ಟನ್‌ಗೆ ಸೇರಿದ ವರ್ಷ ನೆನಪಾಯಿತು. ಇಂಗ್ಲಿಷ್ ಬಾರದೆ ಕ್ರಿಸ್‌ಮಸ್‌ವರೆಗೂ ಒಂದು ಮಾತು ಆಡಿರಲಿಲ್ಲ. ದಿನಾ ಪಕ್ಕದಲ್ಲಿ ಒಬ್ಬ ಬಿಳಿ ಅಜ್ಜಿ ಕೂರುತ್ತಿದ್ದಳು. ಏಡ್. ಅವಳೂ ಮಾತಾಡುತ್ತಿರಲಿಲ್ಲ, ಜೊತೆಗೆ ಬಣ್ಣ ತುಂಬುತ್ತಿದ್ದಳು ಅಷ್ಟೆ. ಅವಳ ಹೆಸರು ನನಗೆ ಮರೆತಿದೆ. ಆ ಹೆಸರು ಮರೆತ ಅಜ್ಜಿಗೆ ನಾನು ಎಸ್ ಒತ್ತಿದೆ. ನಿನಗೆ ಅಂತ ಬೀಗಬೇಡ. ನಿನ್ನ ಪಾಲು ಸ್ವಲ್ಪ ಇತ್ತು.

ಇವರಿಗೆ ಹೇಳಿಲ್ಲ. ನೀನೂ ಬಾಯಿ ಬಿಡಬೇಡ. ಇವರ ಬೆನ್ನ ಹಿಂದೆ ಏನೋ ಮಾಡಿದೆ ಅಂತ ಒಂದು ಅಳುಕು ಇದ್ದೇ ಇದೆ.

ಈಗ ದೊಡ್ಡ ಸುದ್ದಿ ಕೇಳು. ಸೋಮವಾರ ಕೌನ್ಸಿಲ್ ಮೀಟಿಂಗಿಗೆ ಇವರು ಅಂಗಡಿ ಬೇಗ ಮುಚ್ಚಿ ಹೋದರು, ನನ್ನನ್ನೂ ಕರೆದರು. ಕಡಿತ ಇನ್ನೂ ಜಾಸ್ತಿ ಮಾಡಿ ಅಂತ ಕೇಳಲು ಹೊರಟಿದ್ದಾರೆ ಅಂತಲೇ ಭಾವಿಸಿ ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತೆ. ನೀನು ಬಂದಿರಲಿಲ್ಲ. ಬರಬೇಕಿತ್ತು. ಮೈಕ್ ಮುಂದೆ ನಿಂತು ಇವರು, ನಾನು ನೋ ಹಾಕಿದವನು, ಮತ್ತೆ ಬಂದರೂ ನೋ ಹಾಕುತ್ತೇನೆ ಅಂದರು. ಆಮೇಲೆ ತಮ್ಮ ಅಂಗಡಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಟ್ಯಾಕ್ಸ್ ಬೇಡ ಅಂದೆ, ಮಕ್ಕಳ ಪಕ್ಕ ಕೂರುವವರನ್ನು ತೆಗೆಯಿರಿ ಅನ್ನಲಿಲ್ಲ. ಬಜೆಟ್ ಪೂರ್ತಿ ಓದಿದ್ದೇನೆ. ಫುಟ್‌ಬಾಲ್ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಕಿಸುತ್ತಿದ್ದೀರಿ. ದೇವರ ಹುಲ್ಲು ಏನು ತಪ್ಪು ಮಾಡಿತ್ತು? ನಮ್ಮ ಪಕ್ಕದ ಖಾಲಿ ಮನೆಯಲ್ಲಿ ಬೇಕಾದಷ್ಟು ಬೆಳೆದಿದೆ, ಬಂದು ತಗೊಂಡು ಹೋಗಿ."

ಜನ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ಎಸ್ ಹಾಕಿದವರೂ, ನೋ ಹಾಕಿದವರೂ. ಪ್ಲಾಸ್ಟಿಕ್ ಹುಲ್ಲು, ಆಫೀಸಿನವರ ಕಾರಿನ ಖರ್ಚು ಇವನ್ನು ಮೊದಲು ತೆಗೆಯಿರಿ, ಏಡ್‌ಗಳನ್ನು ಆದಷ್ಟು ಮುಟ್ಟಬೇಡಿ ಅಂತ ಕೌನ್ಸಿಲ್ ಶಿಫಾರಸು ಮಾಡಿದೆ. ಕೊನೆಯ ಮಾತು ಸ್ಕೂಲ್ ಬೋರ್ಡಿನದು. ಅದು ಯಾವಾಗ ಹೇಳುತ್ತದೋ. ಡಬ್ಬಗಳನ್ನು ಬಿಚ್ಚಬೇಡ, ಆದರೆ ಟೇಪ್ ಹಚ್ಚುವುದನ್ನು ನಿಲ್ಲಿಸು.

ಒಂದು ಪ್ರಶ್ನೆ ಉಳಿದಿದೆ ಮಂಜು. ಪೆನ್ಸಿಲ್ಲಿನಿಂದ ನಿನಗೆ ನಿಜ ಗೊತ್ತಾಯಿತು, ನೀನು ಬರೆದೆ. ನಾನು ನಿಜವಾಗಿಯೂ ನೋ ಹಾಕಿದ್ದರೆ? ಆಗ ಮಾತು ಬಿಟ್ಟೇಬಿಡುತ್ತಿದ್ದೆಯಾ? ಯೋಚನೆ ಮಾಡಿ ಹೇಳು, ಅವಸರವಿಲ್ಲ. ಅದಕ್ಕೆ ಮೊದಲು ಊಟಕ್ಕೆ ಬಾ.

ನಿನ್ನ ಜಾಹಿದಾ


ಎಲ್ಮ್‌ಫೀಲ್ಡ್
೧೮ ಜುಲೈ ೨೦೧೦

ಜಾಹಿದಾ,

ಮೈಸೂರು ಹೇಗಿದೆ? ನಿನ್ನ ತಂಗಿ ಉಝ್ಮಾಳ ನಿಖಾ ಚೆನ್ನಾಗಿ ಆಯಿತು ಅಂತ ತಹ್ರೀಮ್ ಇಮೇಲ್ ಮಾಡಿದ್ದಳು, ಚಿಕ್ಕಮ್ಮನ ಮೆಹಂದಿಯ ಫೋಟೋ ಸಮೇತ. ನೀನು ಹೊರಡುವ ಗಡಿಬಿಡಿಯಲ್ಲಿ ಎಷ್ಟು ಸಲ ಊಟ ಮಾಡಿದೆವು, ಎಷ್ಟು ಮಾತಾಡಿದೆವು. ನಿನ್ನ ಪ್ರಶ್ನೆಯ ಹತ್ತಿರ ಮಾತ್ರ ನಾವಿಬ್ಬರೂ ಸುಳಿಯಲಿಲ್ಲ.

ಮೊದಲು ಸುದ್ದಿ. ಶುಕ್ರವಾರ ಪ್ರಿನ್ಸಿಪಾಲರು ಫೋನ್ ಮಾಡಿದ್ದರು. ಸೆಪ್ಟೆಂಬರಿನಲ್ಲಿ ನಾನು ಕೆಲಸಕ್ಕೆ ಹೋಗುತ್ತೇನೆ. ಇನ್ಶೂರೆನ್ಸ್ ಉಳಿಯಿತು. ಸಂಬಳ ಏರುವುದಿಲ್ಲವಂತೆ, ಏರದಿದ್ದರೆ ಬೇಡ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸುಬ್ಬು ಹೋಗಿ ಡಬ್ಬಗಳನ್ನೆಲ್ಲ ಮಡಚಿ ಕಸದ ಲಾರಿಗೆ ಇಟ್ಟು ಬಂದರು. ವಾಪಸು ಬಂದು ನನ್ನ ಪಕ್ಕ ಕೂತು, ಇನ್ನು ಟೆಕ್ಸಾಸಿಗೆ ಪ್ರವಾಸಕ್ಕೆ ಮಾತ್ರ ಹೋಗೋಣ ಅಂದರು. ನಾನು ಅತ್ತೆ, ಅವರೂ ಅತ್ತರು.

ಆಮೇಲೆ ರಹಮತ್ ಭಾಯ್‌ಗೆ ಬಾಯಾರೆ ಒಂದು ಮಾತು ಹೇಳಬೇಕು ಅಂತ ನಾವಿಬ್ಬರೂ ನಿಮ್ಮ ಮನೆಗೆ ಹೋದೆವು. ಅವರು ಪಕ್ಕದ ಖಾಲಿ ಮನೆಯ ಹುಲ್ಲು ಕೊಯ್ಯುತ್ತಿದ್ದರು. ಯಾರೂ ಹೇಳಿಲ್ಲ, ಸುಮ್ಮನೆ. "ಬನ್ನಿ ಮಂಜರಿಯವರೇ, ಮಸಾಲಾ ಚಹಾ ನಾನೇ ಮಾಡ್ತೀನಿ, ಕುಡಿದು ಬದುಕಿದ್ರೆ ಜಾಹಿದಾಗೆ ಹೇಳಿ" ಅಂದರು. ಬದುಕಿದ್ದೇವೆ. ಹೊಸ ಟ್ಯಾಕ್ಸ್ ಬಿಲ್ಲು ಮೇಜಿನ ಮೇಲಿತ್ತು. ಅಷ್ಟೆಲ್ಲ ಕತ್ತರಿಸಿದ ಮೇಲೂ ಏರಿದೆಯಂತೆ. "ನೋ ಹಾಕಿದ್ದೂ ದಂಡ" ಅಂತ ನಕ್ಕರು. ಅವತ್ತು ಒಂದೇ ದಿನ ನಾಲ್ಕು ಡಿಗ್ರಿ ಫ್ರೇಮಿಗೆ ಬಂದವಂತೆ, ಅದನ್ನು ಮೂರು ಸಲ ಹೇಳಿದರು.

ನಾನು ಥ್ಯಾಂಕ್ಸ್ ಹೇಳಿದ್ದಕ್ಕೆ ಕೈಯಾಡಿಸಿಬಿಟ್ಟರು. ಸುಬ್ಬು ಹುಲ್ಲು ಕೊಯ್ಯುವ ಮೆಷಿನ್ ನೋಡಲು ಹೊರಗೆ ಹೋದಾಗ, ಲೋಟ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು.

"ಜಾಹಿದಾ ಎಸ್ ಹಾಕಿದ್ಲು. ನನಗೆ ಗೊತ್ತು."

ನೀನು ಬಾಯಿ ಬಿಡಬೇಡ ಅಂದಿದ್ದೆ. ನಾನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಈ ವರ್ಷ ಅವೆರಡು ಮಾತಿನ ಮೇಲೆ ನನಗೆ ನಂಬಿಕೆ ಹೋಗಿದೆ. "ಅವಳು ಹೇಳಿದಳಾ?" ಅಂತ ಮಾತ್ರ ಕೇಳಿದೆ.

"ಇಲ್ಲ. ವೋಟ್ ಹಾಕಿ ಬಂದ ಮೇಲೆ ಮೂರು ದಿನ ನನಗೆ ಇಷ್ಟ ಆಗೋ ಅಡುಗೇನೇ ಮಾಡಿದ್ಲು. ಕೇಳದೇನೇ ಗೊತ್ತಾಯ್ತು."

"ನೀವು ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಹೇಳಬೇಕಾಗ್ತಿತ್ತು. ಅವಳ ಅಬ್ಬಾ ಹೇಳಿದ ಕಡೆ ಒಂದ್ಸಲ ಒತ್ತಿದಾಳೆ. ಈ ಸಲ ಯಾರಿಗೂ ಲೆಕ್ಕ ಒಪ್ಪಿಸೋದು ಬೇಡ, ಅವಳದ್ದೇ ಆಗಿರ್ಲಿ ಅಂತ."

ಇದನ್ನು ನಿನಗೆ ಹೇಳಬೇಡಿ ಅಂತ ಅವರು ಅನ್ನಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಳುಕನ್ನು ಅಲ್ಲೇ ಚಾಮುಂಡಿ ಬೆಟ್ಟದ ಕೆಳಗೆ ಎಲ್ಲಾದರೂ ಬಿಟ್ಟು ಬಾ.

ಕಾರಿನಲ್ಲಿ ಬರುವಾಗ ಇದನ್ನೇ ಯೋಚಿಸಿದೆ. ನಿನ್ನ ಮನೆಯಲ್ಲೇ ಇರುವ ಮನುಷ್ಯ, ಟ್ಯಾಕ್ಸ್ ಕಟ್ಟುವ ಮನುಷ್ಯ, ಕೇಳದೆ ಇದ್ದ. ನಾನು ಎರಡು ಬೀದಿ ಆಚೆಯಿಂದ ಬಂದು ನಿನ್ನ ಮಗುವನ್ನು ಹಿಡಿದು ಕೇಳಿದೆ.

ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಮೇ ತಿಂಗಳಿನಲ್ಲಾಗಿದ್ದರೆ ಮಾತು ಬಿಡುತ್ತಿದ್ದೆ, ಜಾಹಿದಾ. ಸುಳ್ಳು ಯಾಕೆ ಹೇಳಲಿ. ಆದರೆ ಶುಕ್ರವಾರ ನೋ ಹಾಕಿದವರ ಅಡುಗೆಮನೆಯಲ್ಲಿ ಕೂತು ಎರಡು ಲೋಟ ಚಹಾ ಕುಡಿದು ಬಂದಿದ್ದೇನೆ. ಅವರು ಮುಂದಿನ ಏಪ್ರಿಲಿನಲ್ಲೂ ನೋ ಹಾಕುತ್ತಾರೆ. ನಾನು ಆಗಲೂ ಹೋಗಿ ಕುಡಿಯುತ್ತೇನೆ. ನೀನು ಆ ಸಲ ಯಾವುದು ಒತ್ತಿದರೂ ನನಗೆ ಹೇಳಬೇಡ.

ನಿನ್ನ,
ಮಂಜು